ಸರಳಾಬಾಯಿ ಎಲ್ಲಿಗೆ ಹೋದಳು

ಸುಳ್ಳು ಹೇಳುವುದು ಚಂದ್ರಕಲಾಗೆ ಹೊಸದೇನಲ್ಲ. ಮಾನ್ವಿಯ ಮನೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಆಕೆಯ ಬಾಯಿಂದ ಹೆಚ್ಚಾಗಿ ಹೊರಡುವ ಮಾತೆಂದರೆ ‘ಛಲೋ ಅದ’. ಗಂಡ ಅಯ್ಯಪ್ಪ ಸಂತೆಯಿಂದ ತಂದ ಬದನೆಕಾಯಿಯಲ್ಲಿ ಹುಳ ಇದ್ದರೂ ಛಲೋ ಅದ. ನಾದಿನಿ ಆರಿಸಿ ಕಳಿಸಿದ ಸೀರೆಯ ಬಣ್ಣ ಕಣ್ಣಿಗೆ ಚುಚ್ಚಿದರೂ ಛಲೋ ಅದ. ಮಗನಿಗೆ ಹೆಣ್ಣು ನೋಡಲು ಹೋದಾಗ ಆ ಮನೆಯವರ ನಡೆ ಆಕೆಗೆ ಸರಿಬಂದಿರಲಿಲ್ಲ. ಆದರೂ ಹಿರಿಯರು ಆಕೆಯ ಕಡೆ ತಿರುಗಿ ಕೇಳಿದಾಗ ಛಲೋ ಅದರೀ ಅಂದು, ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತಿದ್ದಳು. ಇದನ್ನು ಸುಳ್ಳು ಅಂತ ಆಕೆ ಎಂದೂ ತಿಳಿದಿರಲೇ ಇಲ್ಲ. ಮನೆ ನಡೆಯಬೇಕಲ್ಲ, ಅಷ್ಟೇ.

ಆ ಮಾತನ್ನು ಆಕೆ ಹೇಳದೆ ಉಳಿಸಿಕೊಂಡಿದ್ದು ಒಬ್ಬರ ಮುಂದೆ ಮಾತ್ರ. ರಾಯಚೂರಿನ ಮುಸರ್ರತ್ ಮುಂದೆ. ಈ ಭಾನುವಾರ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿ ಕುಳಿತಾಗ, ಆ ಒಬ್ಬಳ ಮುಂದೆಯೂ ಸುಳ್ಳು ಹೇಳಲು ತಾನು ಹೊರಟಿದ್ದೇನೆ ಎಂದು ಆಕೆಗೆ ಗೊತ್ತಿತ್ತು.

ಮುಸರ್ರತ್‌ಳ ಮಗಳು ಜಾಹೆದಾ ಫೋನು ಮಾಡಿದ್ದಳು. ರಾಯಚೂರಿನ ಆಸ್ಪತ್ರೆಯಿಂದ ತಾಯಿಯನ್ನು ದೇವದುರ್ಗದ ತನ್ನ ಮನೆಗೆ ಕರೆದುಕೊಂಡು ಬಂದು ಆಗಲೇ ಸುಮಾರು ದಿನಗಳಾಗಿದ್ದವು. ಪಿತ್ತಕೋಶದಲ್ಲಿ ಗಡ್ಡೆ, ಲಿವರಿನ ತುಂಬ ಹರಡಿದೆ, ಕೊಯ್ಯುವಂಥದ್ದಲ್ಲ, ಮನೆಗೆ ಕರೆದೊಯ್ದು ಬೇಕಾದ್ದು ತಿನ್ನಿಸಿರಿ ಅಂತ ದೊಡ್ಡ ಡಾಕ್ಟರು ಹೇಳಿದ್ದನ್ನು ಆಕೆ ಅಳದೆ, ಪಾಠ ಒಪ್ಪಿಸುವವರಂತೆ ಹೇಳಿ ಮುಗಿಸಿದಳು. ಆಮೇಲೆ, ಚಂದ್ರಕಲಾಳನ್ನು ಚಿಕ್ಕಂದಿನಿಂದ ಖಾಲಾ, ಚಿಕ್ಕಮ್ಮ ಅಂತಲೇ ಕರೆಯುವ ಆ ಹುಡುಗಿ ದನಿ ಇಳಿಸಿದಳು.

“ಅಮ್ಮಿಗಿ ಹೇಳಿಲ್ಲ ಖಾಲಾ. ಕಲ್ಲು ಅವ, ಬಾವು ಇಳಿದ ಮ್ಯಾಲ ತೆಗಿತಾರ ಅಂತ ಹೇಳೀವಿ. ನಿಮ್ಮ ಬಾಯಾಗಿಂದ ಏನೂ ಬರಬಾರದು ನೋಡ್ರಿ.”

ಹಾಗೆ ಹೇಳಲು ಆ ಹುಡುಗಿಗೆ ಕಾರಣವಿತ್ತು. ಆಕೆಯ ಅಪ್ಪ ಗುಲಾಮ್ ದಸ್ತಗೀರನಿಗೆ ಎದೆಯ ಕಾಯಿಲೆ ಅಂತ ಡಾಕ್ಟರು ಮುಖದ ಮೇಲೆ ಹೇಳಿದ್ದೇ ತಡ, ಮನುಷ್ಯ ಅನ್ನ ಬಿಟ್ಟ, ಮಾತು ಬಿಟ್ಟ, ವಾರ ತುಂಬುವುದರೊಳಗೆ ಹೋಗಿಬಿಟ್ಟ. ಅಬ್ಬಾನನ್ನು ತಿಂದದ್ದು ರೋಗ ಅಲ್ಲ, ಆ ಮಾತು ಅಂತ ಜಾಹೆದಾ ಇವತ್ತಿಗೂ ನಂಬಿದ್ದಾಳೆ. ಅದನ್ನು ಅಲ್ಲಗಳೆಯುವ ಧೈರ್ಯ ಚಂದ್ರಕಲಾಗೆ ಇರಲಿಲ್ಲ. ಆತವ್ವಾ, ಹೇಳಂಗಿಲ್ಲ ಅಂದಳು.

ಬಸ್ಸು ಸಿರವಾರ ದಾಟಿತು. ಕಾಲುವೆ ನೀರಿನ ಭತ್ತದ ಹಸಿರು ಹಿಂದೆ ಉಳಿದು ಹತ್ತಿ, ತೊಗರಿಯ ಕಪ್ಪು ನೆಲ ಶುರುವಾಯಿತು. ಟಿಫಿನ್ ಡಬ್ಬಿಯಲ್ಲಿ ಮುಸರ್ರತ್‌ಗೆ ಇಷ್ಟವೆಂದು ಮಾಡಿಕೊಂಡ ಪುಂಡಿಪಲ್ಯ ಇತ್ತು. ತಿನ್ನುತ್ತಾಳೋ ಇಲ್ಲವೋ. ನೋಡಿ ಬರಲು ಹೇಗೂ ಹೋಗಬೇಕಾಗಿತ್ತು, ಆದರೆ ಇವತ್ತೇ ಹೊರಟಿದ್ದಕ್ಕೆ ಬೇರೆ ಕಾರಣ ಇತ್ತು. ಮುಸರ್ರತ್ ತಾನೇ ಫೋನು ಮಾಡಿ ಕರೆದಿದ್ದಳು. ಈ ವಾರದ ‘ಚುಕ್ಕಿ ಚಾಳ’ ನಾ ಒಬ್ಬಾಕಿ ನೋಡಂಗಿಲ್ಲ, ನೀ ಬಾ, ಕೂಡಿ ನೋಡೂಣು ಅಂದಿದ್ದಳು.

‘ಚುಕ್ಕಿ ಚಾಳ’ ಎಂದರೆ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುವ ಧಾರಾವಾಹಿ. ಅದರ ಕಥೆಯನ್ನು ಗೊತ್ತಿಲ್ಲದವರಿಗೆ ಹೇಳಿದರೆ ನಗುತ್ತಾರೆ. ಒಂದು ಹಳೇ ಬಾಡಿಗೆ ಚಾಳು. ಅದರಲ್ಲಿರುವ ಒಬ್ಬ ವಿಜ್ಞಾನದ ಹುಚ್ಚ ನೀರಿನ ಟಾಕಿಯಲ್ಲಿ ಏನೋ ಪ್ರಯೋಗ ಮಾಡಲು ಹೋಗಿ ಇಡೀ ಚಾಳೇ ಬುಡಸಮೇತ ಕಿತ್ತು ಆಕಾಶಕ್ಕೆ ಹಾರಿಬಿಡುತ್ತದೆ. ಅಂದಿನಿಂದ ಅದು ಗ್ರಹದಿಂದ ಗ್ರಹಕ್ಕೆ ತೇಲುತ್ತಲೇ ಇದೆ, ಭೂಮಿಗೆ ಮರಳುವ ದಾರಿ ಸಿಕ್ಕಿಲ್ಲ. ಮಾಲೀಕ ಪರಮೇಶಿ ಮಾತ್ರ ಚುಕ್ಕಿಗಳ ನಡುವೆಯೂ ಬಾಡಿಗೆ ಕೇಳುವುದನ್ನು ಬಿಟ್ಟಿಲ್ಲ. ಮೂಲೆಯ ಮನೆಯ ಸರಳಾಬಾಯಿ ಬಾಗಿಲಿಗೆ ಬಂದ ಮೂರು ಕಣ್ಣಿನವರನ್ನೂ, ಬಾಲ ಇದ್ದವರನ್ನೂ ‘ಕಾಲು ತೊಳಕೊಂಡು ಒಳಗ ಬಾ’ ಅಂತ ಗದರಿಸುತ್ತಾಳೆ. ಮಿಣಕಪ್ಪ ಎಂಬ ಯಂತ್ರದ ಆಳು ಇದ್ದಾನೆ. ಅವನಿಗೆ ಹಾಸ್ಯ ತಡವಾಗಿ ತಿಳಿಯುತ್ತದೆ. ಹೋದ ವಾರ ಯಾರೋ ಹೇಳಿದ ತಮಾಷೆಗೆ ಈ ವಾರ, ಯಾರೋ ಸೂತಕದ ಮನೆಯಲ್ಲಿ ಕೂತಾಗ, ತಟ್ಟನೆ ನಗತೊಡಗುತ್ತಾನೆ.

ಅದು ಶುರುವಾದಾಗ ಚಂದ್ರಕಲಾ ಹೊಸ ಮದುವಣಗಿತ್ತಿ. ಅಯ್ಯಪ್ಪ ಆಗ ರಾಯಚೂರಿನ ಧಾನ್ಯದ ಪೇಟೆ ಗಂಜಿನಲ್ಲಿ ಅಕ್ಕಿ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಗಂಜಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ, ಚಂದ್ರಕಲಾ ಆಪಾ, ಅಂದರೆ ಅಕ್ಕ, ಅಂತ ಕರೆಯತೊಡಗಿದ ಮುಸರ್ರತ್‌ದು. ಆಕೆಯ ಗಂಡ ದಸ್ತಗೀರ ಟೀವಿ ರಿಪೇರಿ ಮಾಡುತ್ತಿದ್ದ. ಸ್ವಂತ ಟೀವಿ ಅವರ ಮನೆಯಲ್ಲಿ ಇರಲಿಲ್ಲ. ಆದರೆ ರಿಪೇರಿಯಾದ ಟೀವಿಯೊಂದನ್ನು ಪರೀಕ್ಷೆಗೆಂದು ಅವನು ಶನಿವಾರ ಮನೆಗೆ ತರುತ್ತಿದ್ದ, ಹೀಗಾಗಿ ಒಂದೊಂದು ವಾರ ಒಂದೊಂದು ಊರಿನವರ ಟೀವಿ. ಮೊಟ್ಟಮೊದಲು ತಂದದ್ದರಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು. ಆಕಾಶದ ಕಥೆ ಅಲ್ಲವೇ, ಇರಬಹುದು ಅಂತ ಇವರಿಬ್ಬರೂ ಸರಳಾಬಾಯಿಯೂ ಬೇರೆ ಗ್ರಹದ ಹೆಂಗಸೆಂದೇ ನಂಬಿದರು. ಆ ಟೀವಿ ಗಿರಾಕಿಗೆ ಬೇಗ ಬೇಕಾಗಿರಲಿಲ್ಲವಾಗಿ ನಾಕಾರು ಭಾನುವಾರ ಅಲ್ಲೇ ಉಳಿಯಿತು. ಮುಂದೆ ಬೇರೆ ಟೀವಿಯಲ್ಲಿ ಆಕೆ ಗೋಧಿ ಬಣ್ಣದ, ಕುಂಕುಮ ಇಟ್ಟ ನಮ್ಮ ಕಡೆಯ ಹೆಂಗಸಾಗಿ ಬಂದಾಗ ಇಬ್ಬರಿಗೂ ಮೋಸವಾದಂತಾಗಿತ್ತು. ದಸ್ತಗೀರ ನೆಲಕ್ಕೆ ಕೈ ಬಡಿದು ನಕ್ಕಿದ್ದ.

ಮೊದಮೊದಲು ಕಂತು ಮುಗಿದ ಮೇಲೆ ಹೇಗಿತ್ತು ಅಂತ ಮುಸರ್ರತ್ ಕೇಳಿದರೆ ಚಂದ್ರಕಲಾ ರೂಢಿಯಂತೆ ಛಲೋ ಇತ್ತು ಅನ್ನುತ್ತಿದ್ದಳು. ಒಂದು ದಿನ ಮುಸರ್ರತ್ ಸೀರೆಗೆ ಫಾಲ್ ಹಚ್ಚುತ್ತಿದ್ದ ಸೂಜಿಯನ್ನು ಹಾಗೇ ಹಿಡಿದು ಆಕೆಯನ್ನು ದಿಟ್ಟಿಸಿದಳು.

“ಎಲ್ಲಾನೂ ಛಲೋ ಇದ್ರ ನೀ ಯಾಕ ನಡುವ ಆಕಳಿಸಿದಿ? ನಿನಗ ಅನಿಸಿದ್ದು ಹೇಳಬೇ. ಇಲ್ಲಿ ನಿಮ್ಮತ್ತಿ ಇಲ್ಲ.”

ಆ ಮಾತಿಗೆ ಚಂದ್ರಕಲಾ ನಕ್ಕಳು, ಆಮೇಲೆ ಯಾಕೋ ಕಣ್ಣು ತುಂಬಿಕೊಂಡಳು. ನಿನಗೆ ಏನನ್ನಿಸಿತು ಅಂತ ಅಷ್ಟರವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವರು ಉತ್ತರಕ್ಕೆ ಕಾದಿರಲಿಲ್ಲ. ಆ ದಿನ ಆಕೆ ತಡವರಿಸುತ್ತ, ಪರಮೇಶಿ ಅಷ್ಟು ಬೇಗ ಮನಸ್ಸು ಕರಗಿಸಿಕೊಂಡದ್ದು ಸುಳ್ಳು ಅನಿಸಿತು ಅಂದಳು. ಯಾಕೆ ಸುಳ್ಳು ಅಂತ ಮುಸರ್ರತ್ ಬಿಡದೆ ಕೇಳಿದಳು. ಹೇಳುತ್ತ ಹೇಳುತ್ತ ಚಂದ್ರಕಲಾಗೆ ತನ್ನೊಳಗೆ ಇಷ್ಟು ಮಾತು ಇತ್ತೇ ಅಂತ ಆಶ್ಚರ್ಯವಾಯಿತು.

ಅಂದಿನಿಂದ ಅದೊಂದು ಕಟ್ಟಳೆಯಾಯಿತು. ಅಡತಿಯಲ್ಲಿ ಅಕ್ಕಿ ನೋಡಿ ಬೆಲೆ ಕಟ್ಟುವಂತೆ ಕಂತಿಗೂ ಬೆಲೆ ಕಟ್ಟುವುದು. ಬಹಳ ಚೆನ್ನಾಗಿದ್ದರೆ ‘ಹಳೇ ಅಕ್ಕಿ’. ನಡುವಿನದಾದರೆ ‘ಹೊಸ ಅಕ್ಕಿ’. ಕೆಟ್ಟರೆ ‘ನುಚ್ಚು’. ದನ ಕೂಡ ಮೂಸುವುದು ಅನುಮಾನ ಅಂದರೆ ‘ತೌಡು’. ತೀರ್ಪು ಮೊದಲು ಚಂದ್ರಕಲಾಳದು, ಆಮೇಲೆ ಕಾರಣ. ಕಾರಣ ಹೇಳುವ ತನಕ ಮುಸರ್ರತ್ ಬಾಯಿ ತೆಗೆಯುವಂತಿಲ್ಲ. ಹಳೇ ಅಕ್ಕಿ ಎಂಬ ಮಾತು ಚಂದ್ರಕಲಾಳ ಬಾಯಿಂದ ಬರುವುದು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ. ಮನೆಯಲ್ಲಿ ಎಲ್ಲದಕ್ಕೂ ತಲೆ ಆಡಿಸುವ ಹೆಂಗಸು ಇಲ್ಲಿ ಕಲ್ಲಿನಂಥ ಜಡ್ಜ್ ಅಂತ ದಸ್ತಗೀರ ಚೇಷ್ಟೆ ಮಾಡುತ್ತಿದ್ದ.

ಕೆಲವು ವರ್ಷದ ಮೇಲೆ ಅಯ್ಯಪ್ಪ ಮಾನ್ವಿಯಲ್ಲಿ ಸ್ವಂತ ಅಕ್ಕಿ ಅಂಗಡಿ ಹಾಕಿದ. ಊರು ಬಿಟ್ಟು ಬಂದದ್ದು ಛಲೋ ಆಯಿತು ಅಂತ ಆಕೆ ಎಲ್ಲರಿಗೂ ಹೇಳಿದಳು, ಮುಸರ್ರತ್ ಒಬ್ಬಳಿಗೆ ಮಾತ್ರ ಇಲ್ಲಿ ಉಸಿರು ಕಟ್ಟುತ್ತದೆ ಅಂದಳು. ತೀರ್ಪು ಫೋನಿನ ಮೇಲೆ ಮುಂದುವರಿಯಿತು. ಧಾರಾವಾಹಿ ನಡುವೆ ಎರಡು ಸಲ ನಿಂತು ಮತ್ತೆ ಶುರುವಾಯಿತು. ಬರೆಯುವವರು ಬದಲಾದರು. ಚಾಳಿನ ಮಕ್ಕಳು ಬೆಳೆದು ಅವರಿಗೇ ಮಕ್ಕಳಾದವು. ಈಚಿನ ಕಂತುಗಳು ಬರೀ ನುಚ್ಚು. ಯಾಕೆ ನೋಡುತ್ತೀರಿ ಅಂತ ಜಾಹೆದಾ ಕೇಳಿದರೆ, ಮುಪ್ಪಾಯಿತೆಂದು ಮನೆಯವರನ್ನು ಬಿಟ್ಟುಬಿಡುತ್ತಾರೇನು ಅಂತ ಮುಸರ್ರತ್ ಮರುಪ್ರಶ್ನೆ ಹಾಕುತ್ತಿದ್ದಳು.

ಈ ಬೇಸಿಗೆಯಲ್ಲಿ ಸರಳಾಬಾಯಿಯ ಪಾತ್ರ ಮಾಡುತ್ತಿದ್ದ ಹೆಂಗಸು ತೀರಿಕೊಂಡಳು. ಪೇಪರಿನಲ್ಲಿ ಫೋಟೋ ಬಂದಿತ್ತು. ಆ ದಿನ ಫೋನಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಆಕೆ ಇಲ್ಲದ ಮೊದಲ ಕಂತು ಇವತ್ತಿನದು. ಚಾಳಿನವರು ಆಕೆಯನ್ನು ಹೇಗೆ ಕಳಿಸಿಕೊಡುತ್ತಾರೆ ನೋಡಬೇಕು ಅಂತಲೇ ಮುಸರ್ರತ್ ಕರೆದದ್ದು.

ಜಾಹೆದಾಳ ಮನೆ ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆಯೇ. ಗಂಡ ನಯೀಮ್ ಚಪ್ಪಲಿ ಅಂಗಡಿಗೆ ಹೋಗಿದ್ದ. ಬಾಗಿಲು ತೆಗೆದ ಜಾಹೆದಾ ಡಬ್ಬಿ ಇಸಿದುಕೊಳ್ಳುವಾಗ ಚಂದ್ರಕಲಾಳ ಕೈಯನ್ನು ಒಂದು ಗಳಿಗೆ ಒತ್ತಿ ಹಿಡಿದಳು. ನೆನಪಿದೆಯಲ್ಲ ಎಂಬಂತೆ.

ಮುಸರ್ರತ್ ದಿವಾನದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ಅರಿಸಿನ ಬಳಿದಂತೆ. ತೋಳು ಹುಡುಗಿಯರ ತೋಳಿನಷ್ಟಾಗಿತ್ತು, ಹೊಟ್ಟೆ ಮಾತ್ರ ಏಳು ತಿಂಗಳ ಬಸುರಿಯಂತೆ ಮೇಲೆದ್ದಿತ್ತು. ಚಂದ್ರಕಲಾ ನೋಡಿದ್ದೇ ಗೋಡೆಯ ಕಡೆ ಮುಖ ಮಾಡಿ ಚಪ್ಪಲಿ ಬಿಡುವ ನೆಪದಲ್ಲಿ ಹೊತ್ತು ತೆಗೆದುಕೊಂಡಳು.

“ಬಾ ಬೇ ಚಂದ್ರಿ. ಹಂಗ್ಯಾಕ ನಿಂತಿ? ಹಡ್ಯಾಕ ಬಂದೀನಿ ನೋಡು ಮಗಳ ಮನಿಗಿ” ಅಂತ ಮುಸರ್ರತ್ ಹೊಟ್ಟೆ ತೋರಿಸಿ ನಕ್ಕಳು.

ಆಕೆ ಖುಷಿಯಲ್ಲಿದ್ದಳು. ಕಲ್ಲಿನ ಸುದ್ದಿ ಹೇಳಿದಳು. ಬಾವು ಇಳಿದರೆ ರಾಯಚೂರಿಗೆ ಹೋಗಿ ತೆಗೆಸಿಕೊಂಡು ಸೀದಾ ತನ್ನ ಮನೆಗೇ ಹೋಗುವುದಂತೆ. ಇಲ್ಲಿ ಎಲ್ಲಾ ಸುಖ, ಆದರೆ ಮಗಳ ಮನೆಯಲ್ಲಿ ಎಷ್ಟು ದಿನ. ಮನೆಗೆ ಬೀಗ ಹಾಕಿ ಬಂದದ್ದು, ನೀರಿಲ್ಲದೆ ಕರಿಬೇವಿನ ಗಿಡ ಒಣಗಿತೋ ಏನೋ, ಪಕ್ಕದ ಬಡೇಬೀಗೆ ಹೇಳಿದರೆ ಆಕೆಗೆ ಮರೆವು. ಹೇಳುತ್ತ ಹೇಳುತ್ತ ಆಕೆಯ ಅಂಗೈ ತಾನೇ ತಾನಾಗಿ ಹೊಟ್ಟೆಯ ಬಲಗಡೆ ಹೋಗಿ ಮೆಲ್ಲಗೆ ಒತ್ತಿ ನೋಡುತ್ತಿತ್ತು. ಇವತ್ತು ನಿನ್ನೆಗಿಂತ ಕಮ್ಮಿ ಅದ ಅಲ್ಲೇನು ಅಂತ ಮಗಳನ್ನು ಕೇಳಿದಳು. ಹೌದಮ್ಮಿ, ಕಮ್ಮಿ ಅದ ಅಂದಳು ಜಾಹೆದಾ. ಚಂದ್ರಕಲಾ ನೆಲ ನೋಡಿದಳು.

ಕಂತು ಶುರುವಾಯಿತು. ಚಾಳು ಯಾವುದೋ ಗುಲಾಬಿ ಬಣ್ಣದ ಗ್ರಹದ ಹತ್ತಿರ ತೇಲುತ್ತಿದೆ. ಮೂಲೆಯ ಮನೆಗೆ ಬೀಗ. ಹೊಸದಾಗಿ ಬಂದ ಬಾಡಿಗೆಯವಳೊಬ್ಬಳು ಸರಳಾಬಾಯಿ ಎಲ್ಲಿ ಅಂತ ಕೇಳುತ್ತಾಳೆ. ಹವಾ ಬದಲಿಗೆಂದು ಒಳ್ಳೆಯ ಗಾಳಿಯ ಗ್ರಹಕ್ಕೆ ಹೋಗಿದ್ದಾಳೆ, ಅಲ್ಲಿ ಹಾಯಾಗಿದ್ದಾಳೆ, ಬರುತ್ತಾಳೆ ಬಿಡು ಅಂತ ಪರಮೇಶಿ ನಗುತ್ತ ಹೇಳುತ್ತಾನೆ. ಇಡೀ ಚಾಳು ತಲೆ ಆಡಿಸುತ್ತದೆ. ಆಕೆಯ ಕೈಯಲ್ಲಿ ಉಂಡು ಬೆಳೆದ ಹುಡುಗರೂ ನಗುತ್ತಾರೆ. ಯಾರೋ ಒಂದು ತಮಾಷೆ ಮಾಡುತ್ತಾರೆ, ಮಿಣಕಪ್ಪ ಕೂಡಲೇ ನಗುತ್ತಾನೆ. ಆಮೇಲೆ ಒಂದು ಹಾಡು. ಹೊಸ ಬಾಡಿಗೆಯವಳು ಸರಳಾಬಾಯಿಯ ಉಪ್ಪಿನಕಾಯಿ ಭರಣಿಯಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮಿಟುಕಿಸುತ್ತಾಳೆ. ನೋಡುವವರಿಗೆ ಕಾಣದ ಕಡೆ ಕೂತ ಜನ ಹೋ ಅಂತ ನಗುವ ಸದ್ದು ಬರುತ್ತದೆ. ಮುಗಿಯಿತು.

ತೌಡು ಎಂಬ ಮಾತು ಚಂದ್ರಕಲಾಳ ನಾಲಗೆಯ ತುದಿಗೇ ಬಂದಿತ್ತು. ಇಷ್ಟು ವರ್ಷದಲ್ಲಿ ಇಂಥ ತೌಡು ನೋಡಿರಲಿಲ್ಲ. ಆದರೆ ತೌಡು ಅಂದರೆ ಕಾರಣ ಹೇಳಬೇಕು. ಕಾರಣ ಇದ್ದದ್ದು ಒಂದೇ. ಆಕೆ ಸತ್ತಿದ್ದಾಳೆ, ಸತ್ತಳು ಅಂತ ಹೇಳಬೇಕಿತ್ತು. ಅತ್ತು ಕಳಿಸಬೇಕಿತ್ತು. ಹವಾ ಬದಲಿ ಅಂತ ನಗುನಗುತ್ತ ಸುಳ್ಳು ಹೇಳಿ ಆಕೆಯನ್ನು ಬಾಗಿಲ ಹೊರಗೆ ಹಾಕಬಾರದಿತ್ತು. ಈ ಮಾತನ್ನು ಈ ಕೋಣೆಯಲ್ಲಿ, ಆ ಹಳದಿ ಕಣ್ಣುಗಳ ಎದುರಿಗೆ ಹೇಗೆ ಆಡುವುದು? ಜಾಹೆದಾ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

“ಹೇಳು” ಅಂದಳು ಮುಸರ್ರತ್.

“ಹಳೇ ಅಕ್ಕಿ.”

“ಕಾರಣ?”

“ಎಲ್ಲರೂ ನಕ್ಕೊಂತ ಇದ್ರಲ್ಲ ಆಪಾ. ಮನಸ್ಸಿಗಿ ಹಗುರ ಆತು. ಛಲೋ ಮಾಡ್ಯಾರ.”

ಮುಸರ್ರತ್ ರಿಮೋಟು ತಗೊಂಡು ಟೀವಿ ಆರಿಸಿದಳು. ಚಹಾ ಆರಿದೆ, ಸ್ವಲ್ಪ ಬಿಸಿ ಮಾಡಿಕೊಂಡು ಬಾ ಅಂತ ಮಗಳಿಗೆ ಹೇಳಿದಳು. ಚಹಾದಿಂದ ಹಬೆ ಏಳುತ್ತಿತ್ತು. ಜಾಹೆದಾ ಚಂದ್ರಕಲಾಳನ್ನು ಒಮ್ಮೆ ನೋಡಿ ಅಡುಗೆಮನೆಗೆ ಹೋದಳು.

“ಮಿಣಕಪ್ಪ ಕೂಡ್ಲೇ ನಕ್ಕ” ಅಂದಳು ಮುಸರ್ರತ್. “ನೋಡಿದಿಲ್ಲ?”

“ನೋಡ್ದೆ.”

“ಒಮ್ಮಿ ಆಂವ ಅದ ದಿನ ನಕ್ಕಾನಂತ ಹೇಳಿ ನೀ ನನ್ನ ಕೂಡ ಫೋನಿನ್ಯಾಗ ಒಂದು ತಾಸು ಜಗಳಾಡಿದ್ದಿ. ಇವತ್ತು ಹಳೇ ಅಕ್ಕಿ ಆತೇನು?”

ಚಂದ್ರಕಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಆ ಸರಳಾಬಾಯಿ ಎಲ್ಲಿಗಿ ಹೋಗ್ಯಾಳ ಚಂದ್ರಿ?”

“ಆಪಾ.”

“ನನ್ನ ಮಗಳು ಸುಳ್ಳು ಹೇಳ್ತಾಳ. ಅಳಿಯ ಸುಳ್ಳು ಹೇಳ್ತಾನ. ಡಾಕ್ಟರು ನನ್ನ ಕಣ್ಣಾಗ ಕಣ್ಣಿಡಂಗಿಲ್ಲ. ಇರಲಿ, ಏನೋ ಇರಬಹುದು, ಚಂದ್ರಿ ಬರ್ಲಿ, ಆಕಿ ಮುಖ ನೋಡಿದ್ರ ಗೊತ್ತಾಗ್ತದ ಅಂತ ಕುಂತಿದ್ದೆ. ನೀನೂ ಬಂದು ಹಳೇ ಅಕ್ಕಿ ಅಂದಿ. ಎಷ್ಟು ದಿನ ಅಂದಾರ?”

ಹಂಗೇನಿಲ್ಲ ಆಪಾ, ನೀ ಏನೇನೋ ಅನ್ಕೋಬ್ಯಾಡ ಎಂಬ ಮಾತು ಸಿದ್ಧವಾಗಿಯೇ ಇತ್ತು. ಒಂದು ಜೀವಮಾನದ ರೂಢಿ, ಬಾಯಿ ತೆಗೆದರೆ ತಾನಾಗಿಯೇ ಉದುರುವಂಥದ್ದು. ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದ ಸದ್ದಾಯಿತು. ಆ ಹುಡುಗಿಗೆ ಕೊಟ್ಟ ಮಾತು ಒಂದು ಕಡೆ. ಚಂದ್ರಕಲಾ ತಲೆ ಎತ್ತಿದಳು. ಮುಸರ್ರತ್ ಕಾಯುತ್ತಿದ್ದಳು, ಕಾರಣ ಹೇಳುವ ತನಕ ಬಾಯಿ ತೆಗೆಯುವಂತಿಲ್ಲ ಎಂಬ ಹಳೆಯ ಕಟ್ಟಳೆಯಂತೆಯೇ, ತುಟಿ ಬಿಗಿದುಕೊಂಡು.

“ಭಾಳ ದಿನ ಇಲ್ಲಂತ ಆಪಾ” ಅಂದಳು ಚಂದ್ರಕಲಾ. “ಕಲ್ಲಲ್ಲ ಅದು. ಗಡ್ಡಿ. ಲಿವರಿಗಿ ಹರಡೇದಂತ. ಕೊಯ್ಯಾಕ ಬರಂಗಿಲ್ಲ ಅಂದಾರ.”

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಗಬ್ಬೂರು, ರಾಯಚೂರು ಅಂತ ಕೂಗುತ್ತಿದ್ದ. ಮುಸರ್ರತ್ ಅದನ್ನೇ ಕೇಳಿಸಿಕೊಳ್ಳುತ್ತಿರುವಂತೆ ಕೂತಳು. ಆಕೆಯ ಅಂಗೈ ಇನ್ನೂ ಹೊಟ್ಟೆಯ ಮೇಲೇ ಇತ್ತು. ಅದು ಅಲ್ಲಿರುವುದು ಈಗ ಗಮನಕ್ಕೆ ಬಂದವಳಂತೆ ಒಮ್ಮೆ ನೋಡಿ, ಎತ್ತಿ ಪಕ್ಕಕ್ಕಿಟ್ಟಳು. ಆಗ ಅಳು ಬಂತು.

“ದಿನಾ ಎದ್ದ ಕೂಡ್ಲೇ ಮುಟ್ಟಿ ನೋಡ್ತಿದ್ದೆ. ಇವತ್ತು ಇಳದದೇನು, ಇವತ್ತು ಇಳದದೇನು ಅಂತ. ಇವರೆಲ್ಲ ನಾ ಮುಟ್ಟಿ ನೋಡೂದು ನೋಡ್ಕೊಂತ ನಿಂತಿರ್ತಿದ್ರು. ಹೌದಮ್ಮಿ, ಕಮ್ಮಿ ಆಗ್ಯದ ಅಂತಿದ್ರು. ಹುಚ್ಚಿಗತೆ ನಾ ಖುಷಿ ಪಡ್ತಿದ್ದೆ.”

ಚಂದ್ರಕಲಾ ಎದ್ದು ದಿವಾನದ ಮೇಲೆ ಕೂತು ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಕೂದಲಿಗೆ ಔಷಧದ ವಾಸನೆ ಹತ್ತಿತ್ತು.

ಚಹಾ ತಂದ ಜಾಹೆದಾಗೆ ನೋಡಿದೊಡನೆ ಎಲ್ಲಾ ತಿಳಿಯಿತು. ತಾಟನ್ನು ಟೀವಿಯ ಮೇಲಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚಂದ್ರಕಲಾಗೆ ಹಗುರಾಗುತ್ತಿತ್ತು.

“ಒಂದ ಮಾತು ಕೇಳ್ಕೊಂಡಿದ್ದೆ ಖಾಲಾ ನಿಮಗ. ಒಂದ ಒಂದು.”

“ಆಕಿನ್ನ ಅನಬ್ಯಾಡ” ಅಂದಳು ಮುಸರ್ರತ್ ಕಣ್ಣೊರೆಸಿಕೊಳ್ಳುತ್ತ. “ಆಕಿ ಸುಳ್ಳ ಹೇಳಿದ್ಲು. ಹೇಳಾಕ ಬರಲಿಲ್ಲ ಅಷ್ಟ.”

ಅಬ್ಬಾ ಹೇಗೆ ಹೋದರು ನೋಡಿಲ್ಲವೇ ನೀವು ಅಂತ ಜಾಹೆದಾ ಕೇಳಿದಳು. ಕೇಳಿದ್ದು ತಾಯಿಯನ್ನೋ, ಚಂದ್ರಕಲಾಳನ್ನೋ ತಿಳಿಯಲಿಲ್ಲ. ನೋಡಿದ್ದೇನೆ, ಆ ವಾರ ಅವರು ನನ್ನ ಕೈ ಬಿಟ್ಟಿರಲಿಲ್ಲ ಅಂದಳು ಮುಸರ್ರತ್. ಮಾತು ಬಿಟ್ಟಿದ್ದರು, ಕೈ ಬಿಟ್ಟಿರಲಿಲ್ಲ. ಆಮೇಲೆ ಇನ್ನೊಂದು ಮಾತು ಸೇರಿಸಿದಳು. ತನ್ನನ್ನು ರಾಯಚೂರಿಗೆ, ತನ್ನ ಮನೆಗೆ ಕರೆದುಕೊಂಡು ಹೋಗಬೇಕು. ಬಾವು ಇಳಿಯಲಿ ಅಂತ ಇಲ್ಲಿ ಕಾಯುತ್ತ ಕೂತಿದ್ದೆ, ಇನ್ನು ಕಾಯಲು ಏನಿದೆ?

ಎರಡು ದಿನ ಬಿಟ್ಟು ನಯೀಮ್ ಕಾರು ಗೊತ್ತು ಮಾಡಿದ. ಮಾನ್ವಿಗೆ ಹೋಗಿ ಬಟ್ಟೆ ತಂದ ಚಂದ್ರಕಲಾ ಜೊತೆಗೆ ಹೊರಟಳು. ರಾಯಚೂರಲ್ಲೇ ಇರುತ್ತೇನೆ, ಎಷ್ಟು ದಿನ ಅಂತ ಗೊತ್ತಿಲ್ಲ ಅಂದಾಗ ಅಯ್ಯಪ್ಪ ಆಕೆಯ ಮುಖವನ್ನೇ ನೋಡಿದ್ದ. ಅಡುಗೆಗೆ ಹೇಗೆ ಅಂತ ಕೇಳಲು ಬಾಯಿ ತೆಗೆದವನು ಯಾಕೋ ಕೇಳಲಿಲ್ಲ. ದಾರಿಯುದ್ದಕ್ಕೂ ಜಾಹೆದಾ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಮಸರಕಲ್ ಹತ್ತಿರ ರಸ್ತೆಗೆ ಅಡ್ಡ ಬಂದ ಕುರಿ ಹಿಂಡಿಗೆಂದು ಕಾರು ನಿಂತಿತು. ಕಿಟಕಿ ಇಳಿಸಿ ಅಂದಳು ಮುಸರ್ರತ್. ಉಣ್ಣೆಯ, ಧೂಳಿನ ವಾಸನೆ ಒಳಗೆ ಬಂತು. ಹಿಂಡು ಮುಗಿದ ಮೇಲೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಲಿ ಅಂದಳು. ಡ್ರೈವರು ಇಂಜಿನು ಆರಿಸಿದ.

ಹೇಳಿದ್ದು ಒಳ್ಳೆಯದಾಯಿತು ಅಂತ ಚಂದ್ರಕಲಾಗೆ ಅನಿಸಿದ ದಿನಗಳೂ ಇದ್ದವು. ಓಣಿಯ ಹೆಂಗಸರು ಬಂದು ಕೂತರು. ಮುಸರ್ರತ್ ತನ್ನ ಹೊಲಿಗೆ ಮಿಷನ್ ಯಾರಿಗೆ, ಎಲೆ ಅಡಿಕೆಯ ಬೆಳ್ಳಿ ಪಾನ್‌ದಾನ್ ಯಾರಿಗೆ ಅಂತ ತಾನೇ ಹೇಳಿದಳು. ಬಹಳ ವರ್ಷ ಮಾತು ಬಿಟ್ಟಿದ್ದ ಮಟಮಾರಿ ಊರಿನ ತಂಗಿ ಮಹಬೂಬೀಗೆ ಹೇಳಿ ಕಳಿಸಿದಳು. ಅವಳು ಬಂದು ಅಕ್ಕನ ಕಾಲ ಬಳಿ ಕೂತು ಎದ್ದು ಹೋಗಲೇ ಇಲ್ಲ.

ಹಾಗಲ್ಲದ ದಿನಗಳೂ ಇದ್ದವು. ಒಂದು ಮಧ್ಯಾಹ್ನ ನೋವಿಗೆ ಹಲ್ಲು ಕಚ್ಚಿ ಮಲಗಿದ್ದ ಮುಸರ್ರತ್ ಗೋಡೆಯ ಕಡೆ ತಿರುಗಿಯೇ ಕೇಳಿದಳು.

“ಯಾಕ ಹೇಳಿದಿ ಚಂದ್ರಿ?”

“ನೀ ಕೇಳಿದಿ ಆಪಾ.”

“ಕೇಳಿದೆ. ಕೇಳಬಾರದಿತ್ತು. ಕಣ್ಣು ಮುಚ್ಚಿದ್ರ ಅಂಜಿಕಿ ಬರ್ತದ. ಮೊದಲು ಬರೀ ನೋವು ಇತ್ತು, ಅಂಜಿಕಿ ಇರಲಿಲ್ಲ.”

ಚಂದ್ರಕಲಾ ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ಮೂಳೆಗಳು ಒಂದೊಂದೂ ಅಂಗೈಗೆ ಸಿಕ್ಕವು. ನನಗೂ ಅಂಜಿಕೆ ಬರುತ್ತದೆ ಅಂತ ಮಾತ್ರ ಹೇಳಿದಳು. ಮುಸರ್ರತ್ ತಿರುಗಿ ಆಕೆಯನ್ನು ನೋಡಿ, ಹತ್ತಿರ ಮಲಕೋ ಹಂಗಾದ್ರ ಅಂದಳು. ಆ ಕಿರಿದಾದ ಮಂಚದ ಮೇಲೆ ಇಬ್ಬರೂ ಮಗ್ಗುಲಾಗಿ ಮಲಗಿದರು. ಪಕ್ಕದ ಮನೆಯಲ್ಲಿ ಯಾರೋ ಕಾರ ಕುಟ್ಟುತ್ತಿದ್ದರು. ಇಬ್ಬರಿಗೂ ಸೀನು ಬಂತು.

ಭಾನುವಾರಗಳು ಬಂದು ಹೋದವು. ಟೀವಿ ಹಚ್ಚಲು ಮುಸರ್ರತ್ ಹೇಳಲಿಲ್ಲ, ಚಂದ್ರಕಲಾ ಕೇಳಲಿಲ್ಲ.

ದೇವದುರ್ಗದ ಶಾಲೆಯಲ್ಲಿ ಟೀಚರಾಗಿದ್ದ ಜಾಹೆದಾ ಪಾಠ ಮುಗಿಸಿ ದಿನಾ ಅಲ್ಲಿಂದ ಬಸ್ಸಿಗೆ ಬರುತ್ತಿದ್ದಳು. ಬಂದವಳು ಚಂದ್ರಕಲಾಳನ್ನು ದಾಟಿಕೊಂಡು ಸೀದಾ ತಾಯಿಯ ಹತ್ತಿರ ಹೋಗುತ್ತಿದ್ದಳು. ಔಷಧ ಕೊಟ್ಟಿರಾ, ನೀರು ಕುಡಿದರಾ, ಅಷ್ಟೇ ಮಾತು. ಖಾಲಾ ಅನ್ನುವುದು ಬಾಯಿಂದ ಬಿದ್ದೇ ಹೋಗಿತ್ತು. ಚಂದ್ರಕಲಾಗೆ ಅದು ನೋಯಿಸುತ್ತಿತ್ತು, ಆದರೆ ಆ ನೋವು ತನಗೆ ಬರಬೇಕಾದದ್ದೇ ಅಂತಲೂ ಅನಿಸುತ್ತಿತ್ತು.

ಆ ದಿನ ಮುಸರ್ರತ್ ಬೆಳಗಿನಿಂದ ಕಣ್ಣು ತೆರೆದಿರಲಿಲ್ಲ. ಚಮಚೆಯಲ್ಲಿ ಹಾಕಿದ ನೀರು ತುಟಿಯ ಅಂಚಿನಿಂದ ಹೊರಗೆ ಬರುತ್ತಿತ್ತು. ಉಸಿರು ನಡುನಡುವೆ ಎಲ್ಲೋ ಹೋಗಿ ನಿಂತು ಮತ್ತೆ ಬರುತ್ತಿತ್ತು. ಮಹಬೂಬೀ ಒಳಗೆ ನಮಾಜಿಗೆ ನಿಂತಿದ್ದಳು. ಜಾಹೆದಾ ಬಂದು ಬುರಖಾ ತೆಗೆಯದೆ ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ಮಂಚದ ಕಡೆ ನೋಡದೆ ಚಂದ್ರಕಲಾಳ ಮುಖವನ್ನೇ ನೋಡಿದಳು.

“ಹೆಂಗ ಅದಾಳ ಖಾಲಾ?”

ಆ ಹುಡುಗಿ ಒಂದು ಸುಳ್ಳಿಗಾಗಿ ಬೇಡುತ್ತಿದ್ದಾಳೆ ಅಂತ ಚಂದ್ರಕಲಾಗೆ ಒಂದು ಗಳಿಗೆ ಅನಿಸಿತು. ಕಣ್ಣು ನೋಡಿದರೆ ಹಾಗೆ ಅನಿಸಲಿಲ್ಲ.

“ಇವತ್ತು ರಾತ್ರಿ ದಾಟೂದು ಕಷ್ಟ ಅದ ಜಾಹೆದಾ. ಊರಿಗಿ ಹೋಗಬ್ಯಾಡ. ನಯೀಮಗ ಬರಾಕ ಹೇಳು.”

ಜಾಹೆದಾ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಒಳಗೆ ಬಂದು, ಬುರಖಾ ತೆಗೆದು ಗೂಟಕ್ಕೆ ಹಾಕಿ, ಬಚ್ಚಲಲ್ಲಿ ಕೈಕಾಲು ತೊಳೆದುಕೊಂಡು ಬಂದಳು. ಮಂಚದ ಆ ಬದಿಗೆ ಕೂತು ತಾಯಿಯ ಕೈಯನ್ನು ತನ್ನ ಎರಡೂ ಕೈಯೊಳಗೆ ತಗೊಂಡಳು. ಈ ಬದಿಯ ಕೈ ಚಂದ್ರಕಲಾಳ ಹತ್ತಿರ ಇತ್ತು. ಅದು ಇನ್ನೂ ಬೆಚ್ಚಗಿತ್ತು.